ಅಂಗಿಯ ಬಣ್ಣ ನೋಡಿ ಬಾಗಿಲು ಹಾಕಬೇಕೇ?

ಪ್ರಶ್ನೆ: ಮಂಗಳೂರು ಕಡೆಯ ಕ್ಯಾಥೋಲಿಕ್ ಕುಟುಂಬ ನಮ್ಮದು. ಉತ್ತರ ಐರ್ಲೆಂಡಿನ ಚಿಕ್ಕ ಊರೊಂದರಲ್ಲಿ ನಾನು ನರ್ಸ್. ಹದಿಮೂರರ ಮಗನಿಗೆ ಶಾಲೆಯ ಗೆಳೆಯ ಹುಟ್ಟುಹಬ್ಬಕ್ಕೆ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ಹಸಿರು-ಬಿಳಿ ಪಟ್ಟೆಯ ಜೆರ್ಸಿ ಕೊಟ್ಟ. ಅದನ್ನು ತೊಟ್ಟು ಹಾಲು ತರಲು ಹೋದಾಗ ಕಾರಿನಲ್ಲಿದ್ದ ಇಬ್ಬರು ಅವಾಚ್ಯವಾಗಿ ಬೈದರು. ನಮ್ಮನ್ನು ಸ್ವಂತದವರಂತೆ ನೋಡಿಕೊಂಡಿದ್ದ ಪಕ್ಕದ ಮನೆಯ ಅಜ್ಜಿಯೂ ಅಂದಿನಿಂದ ಮುಖ ತಿರುಗಿಸುತ್ತಾರೆ. 'ನಾವೂ ಕ್ಯಾಥೋಲಿಕರೇ ತಾನೇ, ಹಾಕಿಕೊಳ್ಳಲಿ ಬಿಡು' ಎನ್ನುತ್ತಾರೆ ಗಂಡ. ಕಳೆದ ವಾರ ಕ್ರಿಕೆಟ್ ಕ್ಲಬ್ಬಿನ ಹುಡುಗನೊಬ್ಬ ರೇಂಜರ್ಸ್ ಕ್ಲಬ್ಬಿನ ನೀಲಿ ಜೆರ್ಸಿಯಲ್ಲಿ ಮಗನನ್ನು ಕರೆಯಲು ಬಂದ. ಭಯದಿಂದ 'ಅವನು ಮನೆಯಲ್ಲಿಲ್ಲ' ಎಂದು ಸುಳ್ಳು ಹೇಳಿ ಕಳುಹಿಸಿದೆ. ಮೆಟ್ಟಿಲ ಮೇಲಿದ್ದ ಮಗ ಕೇಳಿಸಿಕೊಂಡು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಜೆರ್ಸಿಯನ್ನು ಎಸೆದುಬಿಡಲೇ?

ಉತ್ತರ: ಎಸೆಯಬೇಡಿ. ಗೆಳೆಯ ಪ್ರೀತಿಯಿಂದ ಕೊಟ್ಟದ್ದನ್ನು ಕಸದ ಬುಟ್ಟಿಗೆ ಹಾಕಿದರೆ, ತಪ್ಪು ತನ್ನದೇ ಎಂದು ಮಗ ತಿಳಿಯುತ್ತಾನೆ.

ಹಾಗೆಂದು ನಿಮ್ಮ ಯಜಮಾನರ ಮಾತನ್ನೂ ನಾನು ಒಪ್ಪುವುದಿಲ್ಲ. ಅಲ್ಲಿನ ಜಗಳ ಪೂಜೆ, ಪ್ರಾರ್ಥನೆಗಳಿಗೆ ಸಂಬಂಧಿಸಿದ್ದಕ್ಕಿಂತ ಹೆಚ್ಚಾಗಿ ದೇಶಕ್ಕೆ ಸಂಬಂಧಿಸಿದ್ದು. 1921ರಲ್ಲಿ ಐರ್ಲೆಂಡ್ ಎರಡಾದಾಗ ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆ ಉಳಿದವು. ಹಾಗೆಯೇ ಉಳಿಯಬೇಕೆನ್ನುವವರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು, ಐರ್ಲೆಂಡನ್ನು ಸೇರಬೇಕೆನ್ನುವವರಲ್ಲಿ ಹೆಚ್ಚಿನವರು ಕ್ಯಾಥೋಲಿಕರು. 1998ರ ಶಾಂತಿ ಒಪ್ಪಂದಕ್ಕೆ ಮುಂಚಿನ ಮೂರು ದಶಕಗಳಲ್ಲಿ ಸುಮಾರು 3,500 ಜನ ಸತ್ತರು. ನೀವು ಚರ್ಚಿನಲ್ಲಿ ಅಲ್ಲಿನ ಕ್ಯಾಥೋಲಿಕರ ಪಕ್ಕದಲ್ಲೇ ಮಂಡಿಯೂರಬಹುದು, ಆದರೆ ಅವರ ಹಳೆಯ ಜಗಳದಲ್ಲಿ ನಿಮ್ಮ ಮಗನ ಹೆಸರು ಸೇರಬೇಕಾಗಿಲ್ಲ.

ಸೆಲ್ಟಿಕ್, ರೇಂಜರ್ಸ್ ಎರಡೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕ್ಲಬ್ಬುಗಳು. ಸಮುದ್ರದಾಚೆಯ ಆ ಜೆರ್ಸಿಗಳು ನಿಮ್ಮ ಊರಿನಲ್ಲಿ ಯಾರು ಯಾವ ಕಡೆಯವರು ಎಂಬುದರ ಗುರುತಾಗಿಬಿಟ್ಟಿವೆ: ಸೆಲ್ಟಿಕ್ ಎಂದರೆ ಕ್ಯಾಥೋಲಿಕರ ಕಡೆ, ರೇಂಜರ್ಸ್ ಎಂದರೆ ಪ್ರೊಟೆಸ್ಟೆಂಟರ ಕಡೆ. ಮಗನಿಗೆ ಇನ್ನೊಂದು ಸಂಗತಿಯನ್ನೂ ಹೇಳಿ: ಉತ್ತರ ಐರ್ಲೆಂಡ್ ರಾಷ್ಟ್ರೀಯ ತಂಡದ ಜೆರ್ಸಿಯೂ ಹಸಿರೇ. ಬೆಲ್‌ಫಾಸ್ಟಿನ ವಿಂಡ್ಸರ್ ಪಾರ್ಕಿನಲ್ಲಿ ಆ ಹಸಿರು ತೊಟ್ಟು ಕೂಗುವವರಲ್ಲಿ ಮೊದಲಿನಿಂದಲೂ ಪ್ರೊಟೆಸ್ಟೆಂಟರೇ ಹೆಚ್ಚು. ಆಗ ಸೆಲ್ಟಿಕ್ ಪರ ಆಡುತ್ತಿದ್ದ ನೀಲ್ ಲೆನನ್ 2002ರಲ್ಲಿ ಅದೇ ಮೈದಾನದಲ್ಲಿ ಆ ತಂಡವನ್ನು ಮುನ್ನಡೆಸಬೇಕಿತ್ತು. ಕೊಲೆ ಬೆದರಿಕೆ ಬಂದು ಹಿಂದೆ ಸರಿದರು, ಮತ್ತೆಂದೂ ದೇಶಕ್ಕಾಗಿ ಆಡಲಿಲ್ಲ. ಒಂದು ಹಸಿರಿಗೆ ಜೈಕಾರ, ಇನ್ನೊಂದು ಹಸಿರಿಗೆ ಬೆದರಿಕೆ! ಹದಿಮೂರರ ಹುಡುಗನಿಗೆ ಇದರ ಅನ್ಯಾಯ ಚೆನ್ನಾಗಿಯೇ ಅರ್ಥವಾಗುತ್ತದೆ.

ಅನ್ಯಾಯ ಎಂದು ಗೊತ್ತಿದ್ದರೂ ಎಚ್ಚರ ಬೇಕು. ಮನೆಯಲ್ಲಿ, ಗೆಳೆಯನ ಮನೆಯಲ್ಲಿ ಜೆರ್ಸಿ ಧಾರಾಳವಾಗಿ ಹಾಕಿಕೊಳ್ಳಲಿ. ಹೊರಗೆ ಹೋಗುವಾಗ ಮೇಲೊಂದು ಜಾಕೆಟ್ ಇರಲಿ. ರಸ್ತೆ ಅಂಚಿನ ಕಲ್ಲುಗಳಿಗೆ ಬ್ರಿಟಿಷ್ ಧ್ವಜದ ಕೆಂಪು, ಬಿಳಿ, ನೀಲಿ ಬಳಿದಿರುವ ಬೀದಿಗಳನ್ನು ನೀವು ನೋಡಿಯೇ ಇರುತ್ತೀರಿ, ಅಲ್ಲಿ ಅದು ಬೇಡ. ಸೆಲ್ಟಿಕ್–ರೇಂಜರ್ಸ್ ಪಂದ್ಯದ ದಿನವೂ, 1690ರ ಬಾಯ್ನ್ ಯುದ್ಧದಲ್ಲಿ ಕ್ಯಾಥೋಲಿಕ್ ರಾಜನ ಮೇಲೆ ಪ್ರೊಟೆಸ್ಟೆಂಟ್ ರಾಜ ಗಳಿಸಿದ ವಿಜಯವನ್ನು ಆಚರಿಸುವ ಜುಲೈ 11, 12ರಂದೂ ಬೇಡ. ಇದನ್ನು ಹೇಡಿತನ ಎಂದುಕೊಳ್ಳಬೇಡಿ. ಫುಟ್‌ಬಾಲ್ ಜೆರ್ಸಿ ತೊಟ್ಟವರನ್ನು ಒಳಗೆ ಬಿಡದ ಪಬ್ಬುಗಳು, ಕೆಲಸಕ್ಕೆ ಅದನ್ನು ಹಾಕಿಕೊಂಡು ಬರಬಾರದೆನ್ನುವ ಕಂಪನಿಗಳು ಆ ನಾಡಿನಲ್ಲಿ ಬೇಕಾದಷ್ಟಿವೆ. ಮತ್ತೆ ಯಾರಾದರೂ ಬೈದರೆ ಕಾರಿನ ನಂಬರ್ ಬರೆದುಕೊಂಡು ಪೊಲೀಸರ 101ಕ್ಕೆ ಕರೆ ಮಾಡಿ. ಬೈಗುಳದಲ್ಲಿ ಮೈಬಣ್ಣದ ಮಾತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಅಜ್ಜಿಯ ಬಗ್ಗೆ ಬೇಗ ತೀರ್ಮಾನಕ್ಕೆ ಬರಬೇಡಿ. ಆ ವಯಸ್ಸಿನವರು ಬಾಂಬು, ಗುಂಡಿನ ಕಾಲವನ್ನು ಕಣ್ಣಾರೆ ಕಂಡವರು. ಯಾರನ್ನು ಕಳೆದುಕೊಂಡಿದ್ದಾರೋ ನಿಮಗೆ ಗೊತ್ತಿಲ್ಲ. ಒಬ್ಬರೇ ಹೋಗಿ, 'ಮಗನ ಜೆರ್ಸಿಯಿಂದ ನಿಮ್ಮ ಮನಸ್ಸಿಗೆ ನೋವಾಯಿತೇ?' ಎಂದು ನೇರವಾಗಿ ಕೇಳಿ. ಕ್ಷಮೆ ಕೇಳುವ ಅಗತ್ಯವಿಲ್ಲ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರೆ ಸಾಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೀಲಿ ಜೆರ್ಸಿಯ ಹುಡುಗ. ಕಾರಿನವರು ನಿಮ್ಮ ಮಗನಿಗೆ ಮಾಡಿದ್ದನ್ನೇ ನೀವು ಅವನಿಗೆ ಮಾಡಿದಿರಿ, ಬೈಗುಳವಿರಲಿಲ್ಲ ಅಷ್ಟೇ. ಭಯ ಒಳ್ಳೆಯವರಿಂದಲೂ ಇಂಥದ್ದನ್ನು ಮಾಡಿಸುತ್ತದೆ. ಆ ಊರಿನ ದ್ವೇಷ ಇಷ್ಟು ವರ್ಷ ಬಾಳಿರುವುದೂ ಇಂಥ ಭಯದ ಬಲದಿಂದಲೇ. ನಿಮ್ಮ ಮಗ ಕ್ರಿಕೆಟ್ ಆಡುತ್ತ ಎರಡೂ ಕಡೆಯವರ ಸ್ನೇಹ ಸಂಪಾದಿಸಿದ್ದಾನೆ. ಅದನ್ನು ಮನೆಯ ಹೊಸ್ತಿಲಲ್ಲಿ ಕಳೆಯಬೇಡಿ. 'ಸುಳ್ಳು ಹೇಳಿದೆ, ತಪ್ಪಾಯಿತು' ಎಂದು ಮೊದಲು ಮಗನಿಗೆ ಹೇಳಿ. ಮುಂದಿನ ಅಭ್ಯಾಸದ ದಿನ ನೀವೇ ಕ್ಲಬ್ಬಿಗೆ ಹೋಗಿ ಆ ಹುಡುಗನನ್ನೂ ಅವನ ತಾಯಿಯನ್ನೂ ಊಟಕ್ಕೆ ಕರೆಯಿರಿ. ನೀಲಿ ಜೆರ್ಸಿಯಲ್ಲೇ ಬಂದರೆ ಬರಲಿ.