ಕ್ರಿಸ್‌ಮಸ್ ರಜೆಯಲ್ಲಿ ದೆಹಲಿ, ಆಗ್ರಾ ನೋಡಲು ಹೋಗಬಹುದೇ?

ಕ್ರಿಸ್‌ಮಸ್ ರಜೆಯಲ್ಲಿ ಆರು ದಿನ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಉಬ್ಬಸವಿರುವ ತಂದೆಯವರು, ಹೊರಡುವುದು ಬೆಂಗಳೂರಿನಿಂದ ಎಂದು ಬರೆದಿದ್ದೀರಿ. ಅದು ಸರಿಯಾದ ಕಾಲವಲ್ಲದಿದ್ದರೆ ಯಾವಾಗ ಹೋಗಬೇಕೆಂದೂ ಕೇಳಿದ್ದೀರಿ.

ಮಕ್ಕಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸಬಹುದಾದರೆ ಫೆಬ್ರುವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದೊಳಗೆ ಹೋಗಿ. ಮಧ್ಯಾಹ್ನ 24ರಿಂದ 30 ಡಿಗ್ರಿ, ಬೆಳಿಗ್ಗೆ ಒಂದು ಸ್ವೆಟರ್ ಸಾಕು. ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ಸಾಮಾನ್ಯವಾಗಿ ಆಗಲೇ ತೆರೆದಿರುತ್ತದೆ. ಶಾಲೆ ತಪ್ಪಿಸಲಾಗದಿದ್ದರೆ ನಮ್ಮ ದಸರಾ ರಜೆ ಆಗಬಹುದು, ಆದರೆ ಅಕ್ಟೋಬರ್ ಮೊದಲ ಹತ್ತು ದಿನಗಳೊಳಗೆ ಮುಗಿಸಿ. ಆಗ ಮುಂಗಾರು ಹಿಂದೆ ಸರಿದಿರುತ್ತದೆ. ಬಿಸಿಲು 33–35 ಡಿಗ್ರಿ ಇದ್ದರೂ ಆಕಾಶ ತಿಳಿಯಾಗಿರುತ್ತದೆ. ಹಬ್ಬ ಅಕ್ಟೋಬರ್ ಕೊನೆಗೆ ಬಿದ್ದ ವರ್ಷ ಈ ಲೆಕ್ಕ ಕೆಡುತ್ತದೆ: ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವ ಹೊಗೆ, ಮೇಲೆ ದೀಪಾವಳಿಯ ಪಟಾಕಿ. ಉಬ್ಬಸವಿರುವವರನ್ನು ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ದೆಹಲಿಗೆ ಕರೆದೊಯ್ಯಲೇಬೇಡಿ. ಏಪ್ರಿಲ್ ನಂತರದ ಬೇಸಿಗೆ ರಜೆಯೂ ಬೇಡ. ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲು, ಕೋಟೆಯ ಕಲ್ಲುಹಾಸಿನ ಮೇಲೆ ಹಿರಿಯರು ಅರ್ಧ ಗಂಟೆ ನಿಲ್ಲಲಾರರು.

ಕ್ರಿಸ್‌ಮಸ್ ವಾರವನ್ನು ನಾನು ಮೂರನೆಯ ಆಯ್ಕೆಯಾಗಿ ಇಡುವುದು ಚಳಿಯ ಕಾರಣಕ್ಕಲ್ಲ, ಮಂಜಿನ ಕಾರಣಕ್ಕೆ. ಉತ್ತರದ ಬಯಲಿನಲ್ಲಿ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಗಾಳಿ ಬೀಸುವುದೇ ಕಡಿಮೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ತೇವದ ಗಾಳಿ ಮಂಜಾಗುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕೂತು ಹೊಗೆ, ಧೂಳನ್ನೂ ಕೆಳಗೇ ಹಿಡಿದಿಡುತ್ತದೆ. ಬಿಸಿಲೇರಿದ ಮೇಲೆ ಅದು ಕರಗುತ್ತದೆ, ಸಾಮಾನ್ಯವಾಗಿ ಹತ್ತು ಹನ್ನೊಂದರ ಹೊತ್ತಿಗೆ. ಗಾಳಿಯೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಉಳಿದ ಹೊತ್ತಿಗಿಂತ ಸ್ವಚ್ಛ. ಕತ್ತಲಾಗುವುದು ಐದೂವರೆ ದಾಟುತ್ತಲೇ. ಹೀಗಾಗಿ ಬಯಲಿನಲ್ಲಿ ನೋಡುವ ಜಾಗಗಳಿಗೆ ನಿಮಗೆ ಸಿಗುವುದು ದಿನಕ್ಕೆ ಐದಾರು ಗಂಟೆ ಮಾತ್ರ. ಬೆಂಗಳೂರಿನ ಅಭ್ಯಾಸದಂತೆ ಬೆಳಿಗ್ಗೆ ಏಳಕ್ಕೆ ಹೊರಟು ದಿನಕ್ಕೆ ಐದು ಜಾಗ ಎಂದು ಪಟ್ಟಿ ಮಾಡುವವರು ಎಡವುವುದು ಇಲ್ಲೇ.

ಆದರೂ ಆ ವಾರವೇ ಹೋಗಬೇಕೆಂದಾದರೆ ದಿನವನ್ನು ತಿರುಗಿಸಿ ಜೋಡಿಸಿ. ಬೆಳಿಗ್ಗೆ ಹತ್ತಕ್ಕೆ ಒಳಾಂಗಣದ ಜಾಗ: ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಅಥವಾ ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ. ಹನ್ನೆರಡರಿಂದ ನಾಲ್ಕೂವರೆಯವರೆಗೆ ಒಂದೇ ದೊಡ್ಡ ಸ್ಮಾರಕ, ಹೆಚ್ಚೆಂದರೆ ಎರಡು. ಸೋಮವಾರ ಕೆಂಪುಕೋಟೆ, ಅಕ್ಷರಧಾಮ, ಕಮಲ ಮಂದಿರ, ಈ ಎರಡೂ ಸಂಗ್ರಹಾಲಯಗಳು ಮುಚ್ಚಿರುತ್ತವೆ. ಆ ದಿನಕ್ಕೆ ಕುತುಬ್ ಮಿನಾರ್ ಮತ್ತು ಹುಮಾಯೂನ್ ಸಮಾಧಿ ಇಟ್ಟುಕೊಳ್ಳಿ. ಪ್ರವಾಸವನ್ನು ಜನವರಿಗೆ ಮುಂದೂಡಿದರೆ ಇನ್ನೊಂದು ತೊಡಕಿದೆ. ಗಣರಾಜ್ಯೋತ್ಸವದ ಭದ್ರತೆಗಾಗಿ ಕೆಂಪುಕೋಟೆಯನ್ನು ಕೆಲವು ದಿನ ಮುಚ್ಚುತ್ತಾರೆ, ಕರ್ತವ್ಯ ಪಥದ ಸುತ್ತ ಓಡಾಟಕ್ಕೂ ತಡೆ ಇರುತ್ತದೆ.

ಆಗ್ರಾಕ್ಕೆ ಸೂರ್ಯೋದಯದ ತಾಜ್ ತೋರಿಸುತ್ತೇನೆಂದು ಟ್ಯಾಕ್ಸಿಯವರು ಬೆಳಗಿನ ಜಾವ ನಾಲ್ಕಕ್ಕೆ ಹೊರಡಿಸುತ್ತಾರೆ. ದಯವಿಟ್ಟು ಒಪ್ಪಬೇಡಿ. ಮಂಜಿನಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದರ ಹಿಂದೊಂದು ವಾಹನ ಗುದ್ದಿ ಜನ ಸತ್ತಿದ್ದಾರೆ. ಜೀವ ಉಳಿದು ತಲುಪಿದರೂ ತಾಜ್ ಕಾಣುವ ಭರವಸೆಯಿಲ್ಲ, ನೂರು ಅಡಿ ದೂರದಲ್ಲಿ ಬರೀ ಬಿಳುಪು. ಹಜ್ರತ್ ನಿಜಾಮುದ್ದೀನ್‌ನಿಂದ ಬೆಳಿಗ್ಗೆ 8.10ಕ್ಕೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಹಿಡಿಯಿರಿ. ವೇಳಾಪಟ್ಟಿಯಂತೆ 9.50ಕ್ಕೆ ಆಗ್ರಾ ಕಂಟೋನ್ಮೆಂಟ್, ಮಂಜಿದ್ದರೆ ತಡವಾಗಬಹುದು. ಮೊದಲು ಆಗ್ರಾ ಕೋಟೆ, ಹನ್ನೆರಡರ ಮೇಲೆ ತಾಜ್, ಸಂಜೆ 5.50ಕ್ಕೆ ಅದೇ ರೈಲಿನಲ್ಲಿ ವಾಪಸ್. ತಾಜ್ ಟಿಕೆಟ್ ಒಳಹೊಕ್ಕ ಮೇಲೆ ಮೂರು ಗಂಟೆ ಮಾತ್ರ ನಡೆಯುತ್ತದೆ, ಆದ್ದರಿಂದ ಮಂಜು ಕರಗುವ ಮೊದಲೇ ಗೇಟು ದಾಟಬೇಡಿ. ಶುಕ್ರವಾರ ತಾಜ್ ಮುಚ್ಚಿರುತ್ತದೆ, ಗತಿಮಾನ್ ಕೂಡ ಓಡುವುದಿಲ್ಲ.

ವಿಮಾನವನ್ನು ದೆಹಲಿಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ ಇಳಿಯುವಂತೆ ನೋಡಿ. ಅಲ್ಲಿನ ರನ್‌ವೇಯಲ್ಲಿ ದಟ್ಟ ಮಂಜಿನಲ್ಲೂ ಇಳಿಸುವ ವ್ಯವಸ್ಥೆ ಇದೆ, ಆದರೆ ವಿಮಾನಕ್ಕೂ ಪೈಲಟ್‌ಗಳಿಗೂ ಅದಕ್ಕೆ ತಕ್ಕ ಅರ್ಹತೆ ಇರಬೇಕು. ಇಲ್ಲದಿದ್ದರೆ ಜೈಪುರವೋ ಲಖನೌವೋ ಕಡೆ ತಿರುಗಿಸುತ್ತಾರೆ. ಬೆಳಗಿನ ತಡ ದಿನವಿಡೀ ಬೆಳೆಯುವುದರಿಂದ ಹಿಂತಿರುಗುವಾಗ ರಾತ್ರಿಯ ವಿಮಾನವೂ ಬೇಡ. ರೈಲಾದರೆ ದೆಹಲಿ ತಲುಪುವ ದಿನಕ್ಕೆ ಏನನ್ನೂ ಮುಂಗಡ ಕಾದಿರಿಸಬೇಡಿ. ಸಿಗ್ನಲ್ ಕಾಣದೆ ರೈಲುಗಳು ನಿಧಾನವಾಗಿ, ಮುಂದಿನದು ಸರಿಯುವವರೆಗೆ ಕಾಯುತ್ತಾ ಬರುತ್ತವೆ. ನೀವು ಹತ್ತುವ ನಿಲ್ದಾಣಕ್ಕೇ ರೈಲು ಮೂರು ಗಂಟೆಗಿಂತ ತಡವಾದರೆ, ಪ್ರಯಾಣ ಬಿಟ್ಟು, ಅದು ಹೊರಡುವ ಮೊದಲೇ ಟಿಡಿಆರ್ (ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ) ಸಲ್ಲಿಸಿದರೆ ಪೂರ್ತಿ ಹಣ ಬರುತ್ತದೆ.

ತಂದೆಯವರ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳಿ, ಇನ್‌ಹೇಲರ್ ಒಂದು ಹೆಚ್ಚುವರಿ ಕೈಚೀಲದಲ್ಲಿರಲಿ. ಮುಖಕ್ಕೆ ಕರವಸ್ತ್ರ ಸುತ್ತಿಕೊಂಡರೆ ಸೂಕ್ಷ್ಮ ಕಣ ನಿಲ್ಲುವುದಿಲ್ಲ, ಎನ್95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂರಬೇಕು. ಪ್ರತಿದಿನ ಬೆಳಿಗ್ಗೆ ‘ಸಮೀರ್’ ಆ್ಯಪ್‌ನಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ; ಅಂಕಿ ಏರಿದಷ್ಟೂ ಗಾಳಿ ಕೆಟ್ಟದ್ದು. 300 ದಾಟಿದರೆ ಅವರಿಗೆ ಸಂಗ್ರಹಾಲಯ ಮಾತ್ರ, 400 ದಾಟಿದರೆ ಕೋಣೆಯಲ್ಲೇ ಇರಲಿ. ಬಟ್ಟೆಯಲ್ಲಿ ಒಂದೇ ದಪ್ಪ ಜಾಕೆಟ್‌ಗಿಂತ ಥರ್ಮಲ್, ಸ್ವೆಟರ್, ಗಾಳಿ ತಡೆಯುವ ಜರ್ಕಿನ್ ಹೀಗೆ ಪದರ ಒಳ್ಳೆಯದು, ಮಧ್ಯಾಹ್ನ ಒಂದೊಂದೇ ಕಳಚಬಹುದು. ಚಪ್ಪಲಿ ಬಿಡುವ ಜಾಗಗಳಲ್ಲಿ ಅಮೃತಶಿಲೆ ಕೊರೆಯುತ್ತದೆ, ದಪ್ಪ ಕಾಲುಚೀಲ ಇರಲಿ. ಅಗ್ಗದ ಹೋಟೆಲ್‌ಗಳಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಕಾದಿರಿಸುವಾಗಲೇ ಕರೆಂಟಿನ ರೂಮ್ ಹೀಟರ್, ಗೀಸರ್, ತಲೆಗೊಂದು ರಜಾಯಿ ಇವೆಯೇ ಎಂದು ಕೇಳಿ. ಇದ್ದಿಲಿನ ಅಂಗೀಠಿ (ಅಗ್ಗಿಷ್ಟಿಕೆ) ತಂದುಕೊಟ್ಟರೆ ಒಳಗಿಡಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಅದರ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.