ಪೆಟ್ರೋಲ್ ತುಂಬಿಸಿ ಸ್ಟಾರ್ಟ್ ಮಾಡಿದಾಗ ಸಣ್ಣ ಬೋಟು ಏಕೆ ಸ್ಫೋಟಿಸುತ್ತದೆ?

ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಕಾರಿನಲ್ಲಾದರೆ ಅದು ಕೆಳಗಿಳಿದು ಚದುರಿಹೋಗುತ್ತದೆ. ಎಂಜಿನ್ ಒಳಗಿರುವ ಬೋಟಿನ ತಳ ಮುಚ್ಚಿದ ಬಟ್ಟಲಿನಂತೆ; ಆವಿ ಅಲ್ಲೇ ಮಡುಗಟ್ಟುತ್ತದೆ. ಗಾಳಿಯಲ್ಲಿ ಅದು ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಸ್ಟಾರ್ಟರ್ ಮೋಟಾರಿನ ಒಂದು ಕಿಡಿ ಸಾಕು. ಒತ್ತಡಕ್ಕೆ ಮೇಲಿನ ಡೆಕ್ ಕಿತ್ತು ಹಾರುತ್ತದೆ, ಉಳಿದದ್ದು ನೀರಿನ ಮಟ್ಟದವರೆಗೆ ಉರಿದು ಮುಳುಗುತ್ತದೆ.

ಇಂಧನ ತುಂಬುವಾಗ ಜನರನ್ನು ಇಳಿಸಿ, ಬಾಗಿಲು-ಕಿಟಕಿ ಮುಚ್ಚಿ. ತುಂಬಿದ ಮೇಲೆ ಎಲ್ಲ ತೆರೆದು, ಬ್ಲೋವರ್ (ತಳದ ಆವಿಯನ್ನು ಪೈಪಿನ ಮೂಲಕ ಹೊರಗೆಳೆಯುವ ಫ್ಯಾನ್) ಕನಿಷ್ಠ 4 ನಿಮಿಷ ಓಡಿಸಿ. ಬ್ಲೋವರ್ ಸದ್ದು ಕೇಳಿದರೆ ಸಾಲದು! ಪೈಪು ಹರಿದಿದ್ದರೆ ಅಥವಾ ಕಳಚಿದ್ದರೆ ತಳದ ಆವಿ ಹೊರಬರುವುದೇ ಇಲ್ಲ. ಪೈಪಿನ ಬಾಯಿ ತಳದ ಹತ್ತಿರ, ಆದರೆ ನಿಂತ ನೀರಿಗಿಂತ ಮೇಲಿರಬೇಕು. ಹೊರಬಾಯಿಗೆ ಕೈಯೊಡ್ಡಿ ಗಾಳಿ ಬರುತ್ತಿದೆಯೇ ನೋಡಿ. ಕೊನೆಗೆ ತಳವನ್ನು ಮೂಸಿ ನೋಡಿ, ಮೂಗಿಗಿಂತ ನಂಬಿಕಸ್ಥ ಉಪಕರಣ ಅಲ್ಲಿಲ್ಲ. ವಾಸನೆ ಉಳಿದಿದ್ದರೆ ಎಲ್ಲೋ ಸೋರಿಕೆ ಇದೆ, ಸ್ಟಾರ್ಟ್ ಮಾಡಲೇಬೇಡಿ.

ದುಡ್ಡು ಉಳಿಸಲು ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೂರಿಸುವುದು ದೊಡ್ಡ ತಪ್ಪು. ಅವುಗಳ ಕಿಡಿ ಹೊರಗಿನ ಆವಿಗೆ ತಾಗದಂತೆ ತಡೆಯುವ ರಚನೆ ಅವುಗಳಲ್ಲಿಲ್ಲ. ಅಡುಗೆ ಅನಿಲವೂ ಹೀಗೆಯೇ ತಳ ಸೇರುತ್ತದೆ. ಡೀಸೆಲ್‌ನಲ್ಲಿ ಈ ಅಪಾಯ ತೀರಾ ಕಡಿಮೆ.