ಆ ಪದವನ್ನು ಯಾಕೆ ಕೈಬಿಟ್ಟಿರಿ?

ನಮಸ್ಕಾರ.

ನೇರವಲ್ಲದ ಸ್ಪ್ರಿಂಗುಗಳ, ಅಂದರೆ ಬಲ ಎಳೆತಕ್ಕೆ ನೇರ ಅನುಪಾತದಲ್ಲಿ ಇಲ್ಲದ ಸ್ಪ್ರಿಂಗುಗಳ ಕಂಪನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಚಿತ್ರಗಳು ಚೆನ್ನಾಗಿವೆ. ಅಂಥ ಕಂಪನವನ್ನು ಹೇಳುವ ಡಫಿಂಗ್ ಸಮೀಕರಣವನ್ನು ಕನ್ನಡದಲ್ಲಿ ವಿವರಿಸಲು ಹೊರಟಿದ್ದು ಸಂತೋಷ. ಆದರೆ ನಾಲ್ಕನೇ ಪುಟ ಓದುವಾಗ ನನಗೆ ಸಿಟ್ಟು ಬಂತು.

ಅಲ್ಲಿಯವರೆಗೆ ದಾರಿ ಸರಿಯಾಗಿದೆ. ಸ್ಪ್ರಿಂಗಿನ ಬಲದಲ್ಲಿ ಎಳೆತದ ಘನಕ್ಕೆ ತಕ್ಕ ಸಣ್ಣ ಭಾಗವೊಂದಿದೆ, ಅದರ ಅಳತೆ ಎಪ್ಸಿಲಾನ್. ಆ ಭಾಗವನ್ನು ಬಿಟ್ಟರೆ ಸಿಗುವ ಮೊದಲ ಉತ್ತರ ಬರೀ ಕೊಸೈನ್. ಅದನ್ನು ಘನ ಮಾಡಿದರೆ ಮುಕ್ಕಾಲು ಪಾಲು ಅದೇ ಕೊಸೈನ್, ಕಾಲು ಪಾಲು ಮೂರು ಪಟ್ಟು ಆವರ್ತನದ ಕೊಸೈನ್. ಆಮೇಲೆ ಬರೆದಿದ್ದೀರಿ: "ಇಲ್ಲಿ ಟಿ ಸೈನ್ ಟಿ ಎಂಬ ಪದ ಬರುತ್ತದೆ. ಇದು ಕಾಲದೊಡನೆ ಬೆಳೆಯುವುದರಿಂದ ಕೈಬಿಡೋಣ."

ಯಾಕೆ ಕೈಬಿಡಬೇಕು? ಘರ್ಷಣೆ ಇಲ್ಲ, ಹೊರಗಿನಿಂದ ಯಾರೂ ತಳ್ಳುತ್ತಿಲ್ಲ. ಶಕ್ತಿ ಇದ್ದಷ್ಟೇ ಇರಬೇಕು, ತೂಗಾಟ ಬೆಳೆಯುವಂತಿಲ್ಲ. ಹಾಗಿದ್ದರೆ ಈ ಪದ ಎಲ್ಲಿಂದ ಬಂತು ಅಂತ ಓದುವವರು ಕೇಳ್ತಾರೆ ಅಲ್ವಾ? ಹೀಗೆ ಮಾಡಿ ನೋಡಿ. ತೂಗಾಟದ ಅಗಲ (ನಡುವಿನಿಂದ ಒಂದು ತುದಿಯವರೆಗೆ) ಎ ಇರಲಿ. ಕೊಸೈನ್ ಒಳಗಿನ ಆವರ್ತನ 1 ಅಂತ ಇಟ್ಟಿದ್ದೀರಲ್ಲ, ಅದಕ್ಕೆ ಎಪ್ಸಿಲಾನ್ ಮತ್ತು ಎ ವರ್ಗದ ಗುಣಲಬ್ಧದ 3/8 ಭಾಗ ಸೇರಿಸಿ. ಆ ಕೊಸೈನನ್ನು ಎಪ್ಸಿಲಾನಿನ ಸರಣಿಯಾಗಿ ಬಿಡಿಸಿ ಮೊದಲ ಎರಡು ಪದ ಮಾತ್ರ ಉಳಿಸಿಕೊಳ್ಳಿ. ನೀವು ಬಿಸಾಕಿದ ಪದವೇ, ಅದೇ ಗುಣಕದೊಂದಿಗೆ ಎದುರಿಗೆ ಬರುತ್ತದೆ. ತೂಗಾಟ ಅಗಲವಾದಷ್ಟೂ ಆವರ್ತನ ಏರುತ್ತದೆ ಎಂಬ ಸಂಗತಿ ಅದರೊಳಗೇ ಇತ್ತು. ಇಡೀ ಲೇಖನದ ತಿರುಳನ್ನು ಒಂದು ಸಾಲಿನಲ್ಲಿ ಹೊರಗೆ ಹಾಕಿಬಿಟ್ಟಿರಿ.

19ನೇ ಶತಮಾನದ ಕೊನೆಯಲ್ಲಿ ಗ್ರಹಗಳ ಚಲನೆಯ ಲೆಕ್ಕದಲ್ಲಿ ಖಗೋಳಜ್ಞ ಲಿಂಡ್‌ಸ್ಟೆಡ್, ಗಣಿತಜ್ಞ ಪ್ವಾಂಕರೆ ಇದೇ ತೊಡಕನ್ನು ಎದುರಿಸಿದರು. ಆವರ್ತನವನ್ನೂ ಎಪ್ಸಿಲಾನಿನ ಸರಣಿಯಾಗಿ ಬರೆದು, ಬೆಳೆಯುವ ಪದ ಹುಟ್ಟದಂತೆ ಅದನ್ನು ಗೊತ್ತುಮಾಡುವುದು ಅವರ ಹೆಸರಿನ ವಿಧಾನ. ನಿಮ್ಮಲ್ಲಿ ಹೆಸರುಗಳಿವೆ, ವಿಧಾನ ಇಲ್ಲ.

ಇನ್ನೊಂದು ಸಾಲು, ಲೋಲಕದ ಬಗ್ಗೆ: "ಅಂದಾಜು ಉತ್ತರ ಬಹುಮಟ್ಟಿಗೆ ಸರಿ."

ನಾನು ಈ ಸಂಪಾದನೆಯ ಕೆಲಸ ಕಲಿತದ್ದು ಮೆಕ್ಯಾನಿಕ್ಸ್ ಪಾಠ ಮಾಡಿ ನಿವೃತ್ತರಾಗಿದ್ದ ಒಬ್ಬ ಹಿರಿಯ ಸಂಪಾದಕರ ಹತ್ತಿರ. ಹಸ್ತಪ್ರತಿಯಲ್ಲಿ "ಬಹುಮಟ್ಟಿಗೆ" ಅಂತ ಕಂಡ ಕಡೆಯೆಲ್ಲ ಅವರು ಪಕ್ಕದಲ್ಲಿ "ಎಷ್ಟು?" ಅಂತ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಉತ್ತರ ಬರುವ ತನಕ ಲೇಖನ ಅಚ್ಚಿಗೆ ಹೋಗುತ್ತಿರಲಿಲ್ಲ. ಅವನ್ನು ಲೇಖಕರಿಗೆ ವಾಪಸ್ ಕಳಿಸುವ ಕೆಲಸ ನನ್ನದು. ಕವರು ಅಂಟಿಸುವ ಮುಂಚೆ ಆ ಲೆಕ್ಕಗಳನ್ನು ನಾನೂ ಮಾಡಿ ನೋಡುತ್ತಿದ್ದೆ. ನನ್ನ ನಿಜವಾದ ಓದು ನಡೆದದ್ದು ಅಲ್ಲೇ.

ಲೋಲಕಕ್ಕೂ ಅದೇ ಲೆಕ್ಕ ಬೇಕು. 30 ಡಿಗ್ರಿಯಿಂದ ಬಿಟ್ಟರೆ ಒಂದು ತೂಗಾಟದ ಕಾಲ ಶಾಲೆಯ ಸೂತ್ರಕ್ಕಿಂತ ಶೇ. 1.7 ಜಾಸ್ತಿ. ಮೊದಲ ತಿದ್ದುಪಡಿಯ ಪದವೊಂದೇ ಇದನ್ನು ಹಿಡಿಯುತ್ತದೆ. 90 ಡಿಗ್ರಿಯಲ್ಲಿ ಅದೇ ಪದ ಶೇ. 15.4 ಅನ್ನುತ್ತದೆ, ನಿಜವಾದ ಹೆಚ್ಚಳ ಶೇ. 18. ಈ ಅಂಕಿಗಳನ್ನು ಕೊಟ್ಟರೆ ಸೂತ್ರವನ್ನು ಎಲ್ಲಿಯ ತನಕ ನಂಬಬಹುದು ಅಂತ ಓದುವವರೇ ತೀರ್ಮಾನಿಸುತ್ತಾರೆ.

ಎಪ್ಸಿಲಾನ್ ಸಣ್ಣದಿರಲೇಬೇಕು ಅಂತಲೂ ಬರೆದಿದ್ದೀರಿ. ಉತ್ತರ ಕೊಸೈನ್ ಅಂತ ಇಟ್ಟು, ಸಮೀಕರಣದಲ್ಲಿ ಅದೇ ಆವರ್ತನದ ಪದಗಳನ್ನು ಸರಿದೂಗಿಸುವ ಹಾರ್ಮೋನಿಕ್ ಬ್ಯಾಲೆನ್ಸ್ ವಿಧಾನಕ್ಕೆ ಆ ಕಟ್ಟುಪಾಡಿಲ್ಲ. ನೇರ ಭಾಗವೇ ಇಲ್ಲದ, ಬರೀ ಘನದ ಸ್ಪ್ರಿಂಗ್ ತಗೊಳ್ಳಿ, ಘನದ ಗುಣಕ 1 ಇರಲಿ. ಒಂದೇ ಕೊಸೈನ್ ಇಟ್ಟು ಲೆಕ್ಕ ಮಾಡಿದರೂ ಆವರ್ತನ ಎ ಯ 0.866 ಪಟ್ಟು ಬರುತ್ತದೆ. ನಿಖರ ಉತ್ತರ 0.847 ಪಟ್ಟು. ಇದನ್ನು ಸೇರಿಸಿ, ನಾಲ್ಕನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.